ಆಟೀನಿನ ಒಂಬತ್ತು ಎಲೆ

ರಮ್ಮಿ ಚೆನ್ನಾಗಿ ಬರುತ್ತಿತ್ತು. ಹಾಗಾಗಿ ಪೋಕರ್ ಏನು ಮಹಾ ಅಂದುಕೊಂಡೇ ಕೂತೆ. ಅವೇ 52 ಎಲೆ, ಅಲ್ವಾ? ಕಲಿಸಲು ಒಪ್ಪಿದ ಗೆಳೆಯ ದುಡ್ಡು ಮಾತ್ರ ಬೇಡ ಅಂದ. ನಾಲ್ಕೈದು ಬೆಂಕಿಪೊಟ್ಟಣ ಸುರಿದು, ನಾಲ್ಕು ಜನಕ್ಕೂ ಐವತ್ತೈವತ್ತು ಕಡ್ಡಿ ಎಣಿಸಿ ಕೊಟ್ಟ.

ಆಡಿದ್ದು ಟೆಕ್ಸಾಸ್ ಹೋಲ್ಡೆಮ್. ಕೈಗೆ ಎರಡೇ ಎಲೆ. ನಡುವೆ ಎಲ್ಲರಿಗೂ ಸೇರಿದ ಐದು. ಮೊದಲು ಒಟ್ಟಿಗೆ ಮೂರು, ಅದು ಫ್ಲಾಪ್. ಆಮೇಲೆ ಟರ್ನ್ ಒಂದು, ರಿವರ್ ಒಂದು. ಒಂದೊಂದು ಹಂತಕ್ಕೂ ಬಾಜಿ. ಈ ಏಳರಲ್ಲಿ ಐದೆಲೆ ಸೇರಿದರೆ ಒಂದು 'ಕೈ'. ಯಾವ ಕೈ ದೊಡ್ಡದು ಅನ್ನೋ ಪಟ್ಟಿ ಬಾಯಿಪಾಠವಾಯಿತು. ಆದರೆ ಒಂದೇ ಜಾತಿಯ ಐದೆಲೆಯ ಫ್ಲಶ್, ಸಾಲಾಗಿ ಬರುವ ಸ್ಟ್ರೇಟ್‌ಗಿಂತ ಯಾಕೆ ದೊಡ್ಡದು ಅಂತ ತಕರಾರು ತೆಗೆದೆ. ಸಾಲು ಕೂಡಿಸೋದೇ ಕಷ್ಟ ಅಂತ ನನ್ನ ವಾದ. ಲೆಕ್ಕ ಬೇರೆಯೇ ಇದೆ. ಐದೆಲೆಯ ಒಟ್ಟು 25,98,960 ಕೈಗಳಲ್ಲಿ ಸ್ಟ್ರೇಟ್ 10,200, ಫ್ಲಶ್ 5,108 ಮಾತ್ರ. ಬಾಯಿ ಮುಚ್ಚಿಕೊಂಡೆ.

ಸುಮಾರು ಹೊತ್ತಿನ ಮೇಲೆ ನನಗೆ ಆಟೀನ್ ಎಕ್ಕ, ಆಟೀನ್ ಎಂಟು ಬಂತು. ಫ್ಲಾಪ್‌ನಲ್ಲಿ ಆಟೀನ್ ರಾಜ, ಆಟೀನ್ ರಾಣಿ, ಕಳಾವರ್ ನಾಲ್ಕು. ಇನ್ನೊಂದು ಆಟೀನ್ ಬಿದ್ದರೆ ಫ್ಲಶ್! ಮುಖದಲ್ಲಿ ಏನೂ ಕಾಣಬಾರದು ಅಂತ ಸುಮ್ನೆ ಕಡ್ಡಿ ಜೋಡಿಸುತ್ತಾ ಕೂತೆ. (ಅದೂ ಕಾಣುತ್ತಿತ್ತಂತೆ.) ಟರ್ನ್‌ನಲ್ಲಿ ಇಸ್ಪೀಟ್ ಏಳು. ಉಳಿದಿದ್ದು ನಾನು, ಗೆಳೆಯ ಇಬ್ಬರೇ. ನಡುವೆ 20 ಕಡ್ಡಿ ಇತ್ತು, ಅವನು ಇನ್ನೂ 20 ತಳ್ಳಿದ.

ಅವನೇ ಹೇಳಿಕೊಟ್ಟ ಲೆಕ್ಕ ಹಾಕಿದೆ. ಆಟೀನ್ ಒಟ್ಟು 13, ಕಂಡಿದ್ದು ನಾಲ್ಕು, ಉಳಿದಿದ್ದು ಒಂಬತ್ತು. ಒಂಬತ್ತು ನಾಲ್ಕಲೆ ಮೂವತ್ತಾರು. ಅಂದರೆ ನೂರಕ್ಕೆ 36 ಸಲ ಬರುತ್ತೆ. 20 ಹಾಕಿದರೆ ಗುಡ್ಡೆ 60 ಆಗುತ್ತೆ, ಮೂರರಲ್ಲಿ ಒಂದು ಸಲ ಗೆದ್ದರೂ ನಷ್ಟ ಇಲ್ಲ. ಹಾಕಿದೆ. ರಿವರ್‌ನಲ್ಲಿ ಬಿತ್ತು ಆಟೀನ್ ಮೂರು! ಅವನ ಹತ್ತಿರ ರಾಜನ ಜೋಡಿ, ರಾಣಿ ಜೋಡಿ.

ಕಡ್ಡಿಗಳನ್ನು ಎರಡೂ ಕೈಯಲ್ಲಿ ಬಾಚಿಕೊಳ್ಳುವಾಗ ಅವನು ಅಂದ, "ತಪ್ಪಾಡಿದೆ ಕಣೋ." ಸೋತವನ ಹೊಟ್ಟೆಯುರಿ ಅಂದುಕೊಂಡೆ. ಹಾಗಿರಲಿಲ್ಲ. ನಾಲ್ಕರಿಂದ ಗುಣಿಸೋದು ಫ್ಲಾಪ್ ಆದಮೇಲೆ, ಎರಡು ಎಲೆ ಬರೋದಿದ್ದಾಗ. ಒಂದೇ ಎಲೆ ಬಾಕಿ ಇದ್ದರೆ ಎರಡರಿಂದ. ಕಾಣದ 46 ಎಲೆಯಲ್ಲಿ ಒಂಬತ್ತು ಅಂದರೆ ಹೆಚ್ಚುಕಡಿಮೆ ಐದರಲ್ಲಿ ಒಂದು ಸಲ. ಮೂರರಲ್ಲಿ ಒಂದು ಸಲ ಬರಬೇಕಿದ್ದ ಕಡೆ ಅದಕ್ಕೆ 20 ಕಡ್ಡಿ ಕೊಡಬಾರದಿತ್ತು.

ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಗೆದ್ದಿದ್ದೆನಲ್ಲ! ಅದೇ ಹುರುಪಲ್ಲಿ ಇನ್ನೂ ಮೂರು ಸಲ ಟರ್ನ್‌ನಲ್ಲಿ ಬೆನ್ನು ಹತ್ತಿದೆ. ಒಮ್ಮೆ ಕಳಾವರ್‌ಗೆ, ಎರಡು ಸಲ ಡೈಮಂಡ್‌ಗೆ. ಮೂರು ಸಲವೂ ಬರಲಿಲ್ಲ. ನನ್ನ ಮುಂದೆ ಎರಡು ಕಡ್ಡಿ ಉಳಿದಿತ್ತು. ಗೆಳೆಯ ಏನೂ ಹೇಳದೆ ಎಲೆ ಕಲಸತೊಡಗಿದ.