ಲೋಕೋಜಾದ ತೂಬಿಗೆ ಯಾರು ನೀರಗಂಟಿ? ನೈಜರ್ ದಂಡೆಯ ಊರಿನಲ್ಲಿ ಒಬ್ಬ ಎಂಜಿನಿಯರನ ಕೆಲಸದ ಅನುಭವ

ನೈಜೀರಿಯಾದ ಕೋಗಿ ರಾಜ್ಯದ ರಾಜಧಾನಿ ಲೋಕೋಜಾದಲ್ಲಿ, 2012ರ ಮಹಾನೆರೆಯ ನಂತರದ ವರ್ಷಗಳಲ್ಲಿ, ಗುತ್ತಿಗೆ ಸಂಸ್ಥೆಯೊಂದರ ಸಿವಿಲ್ ಎಂಜಿನಿಯರಾಗಿ ನಾನು ಮಳೆನೀರು ಕಾಲುವೆ ಮತ್ತು ಮೋರಿಗಳ ಕೆಲಸ ಮಾಡಿದ್ದೇನೆ. ಕಾಂಕ್ರೀಟಿನ ಹದ, ಕಬ್ಬಿಣದ ಅಳತೆ, ಇಳಿಜಾರಿನ ಲೆಕ್ಕ ಇವೆಲ್ಲ ಹಾಸನದಲ್ಲಾದರೂ ಒಂದೇ, ನೈಜರ್ ದಂಡೆಯಲ್ಲಾದರೂ ಒಂದೇ. ಅಲ್ಲಿ ಹೊಸದಾಗಿ ಕಲಿತದ್ದೆಂದರೆ, ಕಾಲುವೆ ಕಟ್ಟಿ ಮುಗಿದ ಮರುದಿನದಿಂದ ಅದನ್ನು ನೋಡಿಕೊಳ್ಳುವವರು ಯಾರು ಎಂದು ನಕ್ಷೆ ಬರೆಯುವ ಮೊದಲೇ ಕೇಳಬೇಕು ಎಂಬುದು. ಆ ಪ್ರಶ್ನೆಯನ್ನು ಒಯ್ಯಬೇಕಾದದ್ದು ಹಣವೂ ಅಧಿಕಾರವೂ ಕಡಿಮೆಯೆಂದು ಎಲ್ಲರೂ ದಾಟಿಹೋಗುವ ಸ್ಥಳೀಯ ಸರ್ಕಾರದ ಕಚೇರಿಗೆ ಎಂಬುದು.

ಊರಿನ ನೆಲ ಹೇಗಿದೆ ಎಂಬುದನ್ನು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ವಾಯವ್ಯದಿಂದ ಬರುವ ನೈಜರ್ ನದಿಗೆ ಪೂರ್ವದಿಂದ, ಕ್ಯಾಮರೂನಿನ ಎತ್ತರದ ನಾಡಿನಿಂದ, ಹರಿದುಬರುವ ಬೆನ್ಯೂ ನದಿ ಸೇರುವುದು ಲೋಕೋಜಾದ ಎದುರಿನಲ್ಲೇ. ಊರಿನ ಬೆನ್ನಿಗೆ ಪಾಟಿ ಬೆಟ್ಟವಿದೆ, ಮುಂದೆ ನದಿಯಿದೆ, ನಡುವಿನ ಕಿರಿದಾದ ಪಟ್ಟಿಯಲ್ಲಿ ಊರಿದೆ. 1900ರ ಜನವರಿ 1ರಂದು ಬ್ರಿಟಿಷ್ ಆಡಳಿತಗಾರ ಲುಗಾರ್ಡ್ ಇಲ್ಲಿಯೇ ಬ್ರಿಟಿಷ್ ಬಾವುಟ ಹಾರಿಸಿ ಉತ್ತರ ನೈಜೀರಿಯಾದ ಆಡಳಿತವನ್ನು ಆರಂಭಿಸಿದನಾದರೂ, ಸ್ವಲ್ಪ ಕಾಲದಲ್ಲೇ ಆಡಳಿತ ಕೇಂದ್ರ ಜೆಬ್ಬಾಕ್ಕೂ ಅಲ್ಲಿಂದ ಜುಂಗೇರುಗೂ ಹೋಯಿತು. ಲೋಕೋಜಾ ಹಲವು ದಶಕಗಳ ಕಾಲ ನದಿ ವ್ಯಾಪಾರದ ಊರಾಗಿಯೇ ಉಳಿಯಿತು. 1991ರ ಆಗಸ್ಟ್‌ನಲ್ಲಿ ಕೋಗಿ ರಾಜ್ಯ ಹುಟ್ಟಿ ಇದು ರಾಜಧಾನಿಯಾದ ಮೇಲೆ ಜನ ಬಂದು ತುಂಬಿದರು. ಬೆಟ್ಟ ಹತ್ತಲು ಸಾಧ್ಯವಿಲ್ಲದ್ದರಿಂದ ಊರು ಬೆಳೆದದ್ದು ಉದ್ದಕ್ಕೆ ಮತ್ತು ತಗ್ಗಿಗೆ, ಅಂದರೆ ನದಿ ತನ್ನದೆಂದು ಇಟ್ಟುಕೊಂಡಿದ್ದ ಬಯಲಿಗೆ.

ಹೀಗಾಗಿ ಈ ಊರಿಗೆ ಎರಡು ಬಗೆಯ ನೀರು ಬರುತ್ತದೆ. ಬೆಟ್ಟದ ನೀರು ಮಳೆ ಸುರಿದ ಕೆಲ ಹೊತ್ತಿನಲ್ಲೇ ಕಲ್ಲುಮಣ್ಣು ಸಮೇತ ಧುಮುಕುತ್ತದೆ. ನದಿಯ ನೀರು ವಾರಗಟ್ಟಲೆ ನಿಧಾನವಾಗಿ ಏರಿ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ತುತ್ತತುದಿ ಮುಟ್ಟುತ್ತದೆ. 2012ರ ಸೆಪ್ಟೆಂಬರ್ 29ರಂದು ಲೋಕೋಜಾದ ಅಳತೆಗಂಬದಲ್ಲಿ ನದಿ 12.84 ಮೀಟರ್ ಮುಟ್ಟಿತ್ತು. ಆ ವರ್ಷದ ನೆರೆಯಲ್ಲಿ ದೇಶದಾದ್ಯಂತ 363 ಮಂದಿ ಸತ್ತರು, ಸುಮಾರು 21 ಲಕ್ಷ ಮಂದಿ ಮನೆ ಬಿಟ್ಟರು. ಬೆನ್ಯೂ ನದಿಗೆ ಕ್ಯಾಮರೂನ್ 1982ರಲ್ಲಿ ಕಟ್ಟಿ ಮುಗಿಸಿದ ಲಾಗ್ಡೊ ಅಣೆಕಟ್ಟಿನಿಂದ ನೀರು ಬಿಟ್ಟರೆಂಬ ಮಾತು ಪ್ರತಿ ನೆರೆಯಲ್ಲೂ ಕೇಳಿಬರುತ್ತದೆ. ಆ ನೀರನ್ನು ತಡೆದುಕೊಳ್ಳಲೆಂದು ನೈಜೀರಿಯಾದ ನೆಲದಲ್ಲಿ, ದಾಸಿನ್ ಹೌಸಾ ಎಂಬಲ್ಲಿ, ಕಟ್ಟಬೇಕಾಗಿದ್ದ ಅಣೆಕಟ್ಟು ಕಾಗದದಲ್ಲೇ ಉಳಿದಿದೆ. ಪಕ್ಕದ ದೇಶವನ್ನು ದೂರುವುದು ಸುಲಭ, ತಾನು ಕಟ್ಟದೆ ಬಿಟ್ಟದ್ದನ್ನು ನೆನೆಯುವುದು ಕಷ್ಟ. ಕಾವೇರಿಯ ನಾಡಿನವರಾದ ನಮಗೆ ಈ ರಾಗ ಹೊಸದೇನಲ್ಲ.

ನಮ್ಮ ತೊಡಕು ಈ ಎರಡು ನೀರು ಸೇರುವಲ್ಲಿತ್ತು. ಬೆಟ್ಟದ ನೀರನ್ನು ನದಿಗೆ ಮುಟ್ಟಿಸುವ ಕಾಲುವೆಯ ಬಾಯಿ, ನದಿ ಏರಿದಾಗ ನೀರಿನೊಳಗೆ ಮುಳುಗುತ್ತದೆ. ಆಗ ಊರಿನಿಂದ ನೀರು ಹೊರಹೋಗುವ ಬದಲು ನದಿಯೇ ಅದೇ ಕಾಲುವೆಯ ಮೂಲಕ ಹಿಂದಕ್ಕೆ ಊರೊಳಗೆ ಬರುತ್ತದೆ. ಇದಕ್ಕೆ ಪುಸ್ತಕದಲ್ಲಿರುವ ಪರಿಹಾರ, ನದಿಯ ಕಡೆಗೆ ಮಾತ್ರ ತೆರೆದುಕೊಳ್ಳುವ ತೂಗುಮುಚ್ಚಳವನ್ನು ಕಾಲುವೆಯ ಬಾಯಿಗೆ ಕೂರಿಸುವುದು. ಒಳಗಿನ ನೀರಿನ ಒತ್ತಡ ಹೆಚ್ಚಾದಾಗ ಅದು ತಾನಾಗಿ ತೆರೆಯುತ್ತದೆ, ನದಿ ಒತ್ತಿದಾಗ ತಾನಾಗಿ ಮುಚ್ಚುತ್ತದೆ. ನೈಜೀರಿಯಾದಲ್ಲಿ ಕುಡಿಯುವ ನೀರನ್ನು ಅಂಗೈಯಗಲದ ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ ಮಾರುತ್ತಾರೆ. ‘ಪ್ಯೂರ್ ವಾಟರ್’ ಎಂದೇ ಅದರ ಹೆಸರು. ಕುಡಿದು ಬಿಸಾಡಿದ ಪೊಟ್ಟಣಗಳೆಲ್ಲ ಮಳೆಯಲ್ಲಿ ಕಾಲುವೆಗೆ ಸೇರುತ್ತವೆ, ಬೆಟ್ಟದ ಮರಳಿನೊಂದಿಗೆ ಬೆರೆತು ಮುಚ್ಚಳದ ಅಂಚಿಗೆ ಸಿಕ್ಕಿಕೊಳ್ಳುತ್ತವೆ. ಬೆರಳು ತೂರುವಷ್ಟು ಸಂದಿ ಉಳಿದರೂ ಸಾಕು, ನದಿ ರಾತ್ರಿಯಿಡೀ ಒಳಗೆ ಬರುತ್ತದೆ. ತಾನಾಗಿ ನಡೆಯುವ ಯಂತ್ರಕ್ಕೂ ದಿನಕ್ಕೊಮ್ಮೆ ಬಂದು ಕಸ ತೆಗೆಯುವ ಕೈ ಬೇಕು.

ಆ ಕೈ ಯಾರದು? ಲೋಕೋಜಾದಲ್ಲಿ ಮೂರು ಸರ್ಕಾರಗಳ ಫಲಕಗಳು ಒಂದರ ಪಕ್ಕದಲ್ಲೊಂದು ಕಾಣುತ್ತವೆ. ನದಿಯ ಸಂಚಾರ ಒಕ್ಕೂಟ ಸರ್ಕಾರದ ಒಳನಾಡ ಜಲಮಾರ್ಗ ಪ್ರಾಧಿಕಾರದ್ದು, ಅದರ ಕೇಂದ್ರ ಕಚೇರಿಯೂ ಇದೇ ಊರಿನಲ್ಲಿದೆ. ದೇಶದ ರಾಜಧಾನಿ ಅಬುಜಾದ ಕಡೆಗೆ ಹೋಗುವ ಹೆದ್ದಾರಿ ಒಕ್ಕೂಟ ಸರ್ಕಾರದ್ದು. ನೆಲದ ಹಕ್ಕುಪತ್ರ ರಾಜ್ಯ ಸರ್ಕಾರದ್ದು. ಬೀದಿಬದಿಯ ಚರಂಡಿ ಸ್ಥಳೀಯ ಸರ್ಕಾರದ್ದು. ಬೆಟ್ಟದಿಂದ ಇಳಿದ ಒಂದೇ ಹನಿ ನೀರು ಸ್ಥಳೀಯ ಸರ್ಕಾರದ ಚರಂಡಿಯಲ್ಲಿ ಹರಿದು, ರಾಜ್ಯದ ರಸ್ತೆ ದಾಟಿ, ಒಕ್ಕೂಟದ ಹೆದ್ದಾರಿಯ ಮೋರಿಯಲ್ಲಿ ನುಸುಳಿ, ಒಕ್ಕೂಟದ ನದಿಗೆ ಬೀಳುತ್ತದೆ. ಮೋರಿಯ ಅಗಲವನ್ನು ಹೆಚ್ಚಿಸಲು ಒಂದು ಕಚೇರಿಯ ಒಪ್ಪಿಗೆ ಬಂದಾಗ ಇನ್ನೊಂದು ಕಚೇರಿಯ ಒಪ್ಪಿಗೆಯ ಅವಧಿ ಮುಗಿದಿರುತ್ತಿತ್ತು. ಇದನ್ನು ಹೆಚ್ಚು ಬೆಳೆಸುವುದಿಲ್ಲ, ಸರ್ಕಾರಿ ಕಾಮಗಾರಿ ಮಾಡಿದವರಿಗೆಲ್ಲ ಇದು ಗೊತ್ತಿರುವುದೇ.

ನೈಜೀರಿಯಾದ 1999ರ ಸಂವಿಧಾನದ ನಾಲ್ಕನೆಯ ಅನುಸೂಚಿಯನ್ನು ಮಾತ್ರ ಕೆಲಸದ ಮೇಲೆ ಅಲ್ಲಿಗೆ ಹೋಗುವ ಪ್ರತಿಯೊಬ್ಬ ಎಂಜಿನಿಯರೂ ಓದಬೇಕೆಂಬುದು ನನ್ನ ಅಭಿಪ್ರಾಯ. ದೇಶದ 774 ಸ್ಥಳೀಯ ಆಡಳಿತ ಘಟಕಗಳು ಏನು ಮಾಡಬೇಕೆಂಬುದನ್ನು ಅದು ಪಟ್ಟಿ ಮಾಡುತ್ತದೆ: ಬೀದಿ ಮತ್ತು ಚರಂಡಿಗಳ ನಿರ್ಮಾಣ, ನಿರ್ವಹಣೆ, ಕಸ ವಿಲೇವಾರಿ, ಮಾರುಕಟ್ಟೆ, ಕಸಾಯಿಖಾನೆ, ವಾಹನ ನಿಲ್ದಾಣ, ಸ್ಮಶಾನ, ಜನನ ಮರಣ ನೋಂದಣಿ, ಸೈಕಲ್ಲು, ತಳ್ಳುಗಾಡಿ, ದೋಣಿಗಳಿಗೆ ಪರವಾನಗಿ, ಬೀದಿಗಳಿಗೆ ಹೆಸರಿಡುವುದು, ಮನೆಗಳಿಗೆ ಸಂಖ್ಯೆ ಕೊಡುವುದು. ಮೊದಲ ಓದಿಗೆ ಇದೊಂದು ಸಣ್ಣಪುಟ್ಟ ಕೆಲಸಗಳ ರಾಶಿಯಂತೆ ತೋರುತ್ತದೆ. ನೆರೆ ಬರುವ ಊರಿನಲ್ಲಿ ನಿಂತು ಓದಿದಾಗ ಬೇರೆಯೇ ಕಾಣುತ್ತದೆ. ನದಿ ಬೀದಿಗೆ ಬಂದ ದಿನ ಜನರನ್ನು ಸಾಗಿಸುವುದು ದೋಣಿ. ಯಾವ ಮನೆ ಮುಳುಗಿತೆಂದು ಬರೆದುಕೊಳ್ಳಲು ಬೇಕಾದದ್ದು ಮನೆಯ ಸಂಖ್ಯೆ. ಪರಿಹಾರದ ಅಕ್ಕಿ, ಹಾಸಿಗೆ ಒಕ್ಕೂಟದ ತುರ್ತು ನಿರ್ವಹಣಾ ಸಂಸ್ಥೆಯಿಂದ ಬಂದರೂ ಅದನ್ನು ಯಾರಿಗೆ ಕೊಡಬೇಕೆಂಬ ಪಟ್ಟಿ ಹುಟ್ಟಬೇಕಾದದ್ದು ವಾರ್ಡಿನಲ್ಲಿ. ನಾವು ಕೆಲಸ ಮಾಡಿದ ನದಿ ಬದಿಯ ಬೀದಿಗಳಲ್ಲಿ ಬಾಗಿಲ ಮೇಲೆ ಸಂಖ್ಯೆಗಳಿರಲಿಲ್ಲ. ‘ಮಾಯ್ ಉಂಗುವಾ’ ಎಂದು ಹೌಸಾದಲ್ಲಿ ಕರೆಯುವ ಕೇರಿಯ ಯಜಮಾನರ ನೆನಪೇ ಅಲ್ಲಿನ ದಫ್ತರವಾಗಿತ್ತು. ನಮ್ಮ ಕಾಲುವೆಗೆ ಎಷ್ಟು ಮನೆಗಳ ನೀರು ಸೇರುತ್ತದೆಂಬ ಲೆಕ್ಕವನ್ನು ನಾನು ಪಡೆದದ್ದೂ ಅವರಿಂದಲೇ. 2012ರಲ್ಲಿ ನೀರು ಎಲ್ಲಿಯವರೆಗೆ ನಿಂತಿತ್ತೆಂದು ಗೋಡೆಗೋಡೆಗೂ ಕೈಯಿಟ್ಟು ತೋರಿಸಿದರು, ಆ ಗುರುತುಗಳಿಗೆ ಮಟ್ಟ ಹಿಡಿದು ನಾವು ನಕ್ಷೆಗೆ ಇಳಿಸಿಕೊಂಡೆವು.

ಸ್ಥಳೀಯ ಸರ್ಕಾರದ ಸೆಕ್ರೆಟೇರಿಯಟ್‌ಗೆ ನಾನು ಹೋದದ್ದು ಅಲ್ಲಿನ ಕಾಮಗಾರಿ ವಿಭಾಗದ ಮುಖ್ಯಸ್ಥರ ಸಹಿಗಾಗಿ. ಯೋಜನೆಯ ಹಣ ಮೇಲಿನಿಂದ ಬಂದದ್ದರಿಂದ ಆ ಸಹಿ ಇಲ್ಲದೆಯೂ ಕೆಲಸ ನಡೆಯುತ್ತಿತ್ತು, ಹಾಗೆ ನಡೆಸಿಬಿಡಿ ಎಂದು ಹೇಳಿದವರೂ ಇದ್ದರು. ನಿವೃತ್ತಿಗೆ ಹತ್ತಿರವಿದ್ದ ಆ ಹಿರಿಯರು ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಕಾಲುವೆಯ ಬಾಯಿಯ ಮೇಲೆ ಬೆರಳಿಟ್ಟು, “ಎಂಜಿನಿಯರ್, ಈ ಮುಚ್ಚಳ ಎಷ್ಟು ಭಾರ?” ಎಂದು ಕೇಳಿದರು. ಹೇಳಿದೆ. “ಇದನ್ನು ಎತ್ತಲು ಕ್ರೇನ್ ಬೇಕು. ನಮ್ಮ ಹತ್ತಿರ ಇರುವುದು ಸಲಿಕೆ ಮತ್ತು ನಾಲ್ಕು ಜನ. ಅವರಲ್ಲಿ ಒಬ್ಬನಿಗೆ ಬೆನ್ನು ನೋವು” ಎಂದರು. ಅವರ ಮುಖದಲ್ಲಿ ನಗೆಯೇನೂ ಇರಲಿಲ್ಲ. ನಂತರ ಅವರು, ಊರಿನ ಯಾವ ಚರಂಡಿ ಯಾವ ತಿಂಗಳಲ್ಲಿ ಕಟ್ಟಿಕೊಳ್ಳುತ್ತದೆ, ಯಾವ ಕಬ್ಬಿಣದ ಜಾಲರಿ ಗುಜರಿಗೆ ಹೋಯಿತು, ಯಾವ ಮಾರುಕಟ್ಟೆಯ ಕಸ ಎಲ್ಲಿ ಬಂದು ನಿಲ್ಲುತ್ತದೆ ಎಂಬುದನ್ನು ಒಂದೂ ಕಾಗದ ನೋಡದೆ ಹೇಳಿದರು. ನಮ್ಮ ಯೋಜನಾ ವರದಿಯಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ.

ನಮ್ಮ ಹಳ್ಳಿಯ ಕೆರೆಗಳಲ್ಲಿ ತೂಬಿಗೊಬ್ಬ ನೀರಗಂಟಿ, ಅಂದರೆ ನೀರು ಬಿಡುವ ನಿಲ್ಲಿಸುವ ಆಳು, ಇರುತ್ತಿದ್ದ. ತೂಬು ಎಷ್ಟು ಗಟ್ಟಿ ಎಂಬುದಕ್ಕಿಂತ ಅವನಿಗೆ ಸುಗ್ಗಿಯಲ್ಲಿ ಎಷ್ಟು ಕಾಳು ಸಲ್ಲಬೇಕೆಂಬ ಕಟ್ಟಳೆ ಗಟ್ಟಿಯಾಗಿರುತ್ತಿತ್ತು. ಲೋಕೋಜಾದಲ್ಲಿ ತೂಬಿಗೆ ಹಣವಿತ್ತು, ನೀರಗಂಟಿಗೆ ಇರಲಿಲ್ಲ.

ಏಕಿರಲಿಲ್ಲ ಎಂಬುದಕ್ಕೆ ಕಾರಣ ಊರಿನಲ್ಲಿಲ್ಲ, ಸಂವಿಧಾನದ 162ನೆಯ ವಿಧಿಯಲ್ಲಿದೆ. ಒಕ್ಕೂಟದ ಖಜಾನೆಗೆ ಬರುವ ಆದಾಯದಲ್ಲಿ ಒಕ್ಕೂಟಕ್ಕೆ ಶೇ. 52.68, ರಾಜ್ಯಗಳಿಗೆ ಶೇ. 26.72, ಸ್ಥಳೀಯ ಸರ್ಕಾರಗಳಿಗೆ ಶೇ. 20.60 ಎಂಬ ಹಂಚಿಕೆಯಿದೆ. ಆದರೆ ಆ ವಿಧಿಯಂತೆ ಸ್ಥಳೀಯ ಸರ್ಕಾರಗಳ ಪಾಲು ನೇರವಾಗಿ ಅವುಗಳ ಕೈಸೇರದೆ, ರಾಜ್ಯ ನಡೆಸುವ ಜಂಟಿ ಖಾತೆಗೆ ಹೋಗುತ್ತಿತ್ತು. ಪ್ರಾಥಮಿಕ ಶಾಲೆಯ ಶಿಕ್ಷಕರ ಸಂಬಳ, ಪಿಂಚಣಿ ಮುಂತಾದವು ಅಲ್ಲಿಯೇ ಕಳೆದು, ಇನ್ನೂ ಏನೇನೋ ಕಳೆದು, ಉಳಿದದ್ದು ಕೆಳಗೆ ಬರುತ್ತಿತ್ತು. ಜೊತೆಗೆ, ಸ್ಥಳೀಯ ಮಂಡಳಿ ಚುನಾಯಿತವಾಗಿರಬೇಕೆಂದು 7ನೆಯ ವಿಧಿ ಹೇಳಿದರೂ, ಹಲವು ರಾಜ್ಯಗಳಲ್ಲಿ ಗವರ್ನರ್ ನೇಮಿಸಿದ ಉಸ್ತುವಾರಿ ಸಮಿತಿಗಳೇ ವರ್ಷಗಟ್ಟಲೆ ಆಡಳಿತ ನಡೆಸುತ್ತಿದ್ದವು. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ಆಡಳಿತಾಧಿಕಾರಿಯ ಕೈಯಲ್ಲೇ ವರ್ಷಗಳನ್ನು ಕಳೆದ ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ವ್ಯತ್ಯಾಸ ಮಾತ್ರ ಗಮನಿಸತಕ್ಕದ್ದು: ನಮ್ಮ 12ನೆಯ ಅನುಸೂಚಿಯ 18 ವಿಷಯಗಳನ್ನು ನಗರಾಡಳಿತಕ್ಕೆ ಕೊಡುವುದು ಬಿಡುವುದು ರಾಜ್ಯದ ಇಚ್ಛೆ, ನೈಜೀರಿಯಾದ ಸಂವಿಧಾನ ತನ್ನ ಪಟ್ಟಿಯನ್ನು ಕೊಡಲೇಬೇಕೆಂದು ಹೇಳುತ್ತದೆ. ಕೆಲಸ ಕಡ್ಡಾಯವಾಗಿ ಕೊಟ್ಟು ಹಣವನ್ನು ಜಂಟಿ ಖಾತೆಗೆ ಹಾಕಿದರೆ ಆಗುವುದೇನೆಂಬುದಕ್ಕೆ ಆ ಸಲಿಕೆ ಮತ್ತು ನಾಲ್ಕು ಜನರೇ ಸಾಕ್ಷಿ. 2024ರ ಜುಲೈ 11ರಂದು ನೈಜೀರಿಯಾದ ಸುಪ್ರೀಂ ಕೋರ್ಟು, ಈ ಹಣ ಚುನಾಯಿತ ಸ್ಥಳೀಯ ಸರ್ಕಾರಗಳಿಗೆ ನೇರವಾಗಿ ಸಲ್ಲಬೇಕೆಂದೂ ನೇಮಕದ ಸಮಿತಿಗಳು ಸಂವಿಧಾನಕ್ಕೆ ವಿರುದ್ಧವೆಂದೂ ತೀರ್ಪು ಕೊಟ್ಟಿತು. ತೀರ್ಪು ಬಂದದ್ದು ನನ್ನ ಕೆಲಸ ಮುಗಿದ ಮೇಲೆ.

ಇನ್ನೊಂದು ಭಾರವೂ ಆ ಕಚೇರಿಯ ಮೇಲಿದೆ. 1976ರ ಸುಧಾರಣೆಯ ನಂತರ ನೈಜೀರಿಯಾದಲ್ಲಿ ನಗರಕ್ಕೊಂದು, ಹಳ್ಳಿಗೊಂದು ಎಂಬ ಭೇದವಿಲ್ಲದೆ ಒಂದೇ ಬಗೆಯ ಸ್ಥಳೀಯ ಸರ್ಕಾರವಿದೆ. ರಾಜಧಾನಿಯ ಚರಂಡಿ ನೋಡಬೇಕಾದ ಲೋಕೋಜಾದ ಅಧ್ಯಕ್ಷರೇ ಎಗ್ಗಾನ್, ಕಕಾಂಡಾ ಮುಂತಾದ ನದಿಯಂಚಿನ ವಾರ್ಡುಗಳ ಹಳ್ಳಿಗಳನ್ನೂ ನೋಡಬೇಕು. ಕಡಿಮೆ ಹಣದಲ್ಲಿ ಊರಿನ ಕಾಲುವೆಗೆ ಹೂಳೆತ್ತಿಸುವುದೋ, ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಚಾವಣಿ ಹಾಕಿಸುವುದೋ ಎಂದು ಕೇಳಿದರೆ ಹಳ್ಳಿಯ ಕೌನ್ಸಿಲರ್ ಯಾವ ಕಡೆ ಕೈಯೆತ್ತುತ್ತಾರೆಂಬುದು ಸ್ಪಷ್ಟ. ಅದು ತಪ್ಪೆಂದು ನಾನು ಹೇಳಲಾರೆ.

ಆ ಹಿರಿಯರ ಮಾತಿನ ಮೇಲೆ ನಾವು ನಕ್ಷೆಯನ್ನು ಮತ್ತೆ ತೆಗೆದೆವು. ಭಾರದ ತೂಗುಮುಚ್ಚಳದ ಜಾಗಕ್ಕೆ, ಇಬ್ಬರು ಚಕ್ರ ತಿರುಗಿಸಿ ಏರಿಸಿ ಇಳಿಸಬಹುದಾದ ತೂಬಿನ ಬಾಗಿಲು ಬಂದಿತು. ಅದಕ್ಕೆ ಬಹಳ ಮುಂಚೆ, ರಸ್ತೆಯ ಪಕ್ಕದಲ್ಲಿ, ನಿಂತುಕೊಂಡೇ ಕಸ ಎಳೆಯಬಹುದಾದ ಎತ್ತರದಲ್ಲಿ ತಡೆಗಂಬಿಗಳನ್ನು ಇಟ್ಟೆವು. ಗುಜರಿಯವರ ಕಣ್ಣಿಗೆ ಬೀಳದಂತೆ ಕಬ್ಬಿಣದ ಬದಲು ಕಾಂಕ್ರೀಟಿನ ಗೂಟಗಳನ್ನು ಹಾಕಿದೆವು. ಕಾಲುವೆಯ ಮೇಲಿನ ಹಾಸುಗಳನ್ನು ಇಬ್ಬರು ಎತ್ತುವಷ್ಟು ಕಿರಿದು ಮಾಡಿದೆವು. ಬೆಟ್ಟದ ಬುಡದಲ್ಲಿ ಮರಳು ನಿಲ್ಲಲು ಒಂದು ಗುಂಡಿ ತೋಡಿದೆವು. ಆ ಮರಳಿಗೆ ಊರಿನಲ್ಲಿ ಕಟ್ಟಡದವರಿಂದ ಬೇಡಿಕೆ ಇದ್ದದ್ದರಿಂದ ಹೂಳೆತ್ತುವ ಕೆಲಸ ಅಷ್ಟರಮಟ್ಟಿಗೆ ತಾನಾಗಿ ನಡೆಯಿತು, ಇಡೀ ಯೋಜನೆಯಲ್ಲಿ ಯಾರೂ ಹಣ ಕೊಡದೆ ನಡೆದ ನಿರ್ವಹಣೆ ಅದೊಂದೇ. ಹಸ್ತಾಂತರದ ಕಾಗದದಲ್ಲಿ ರಾಜ್ಯದ ಇಲಾಖೆಯ ಜೊತೆಗೆ ಸ್ಥಳೀಯ ಸರ್ಕಾರದ ಕಾಮಗಾರಿ ವಿಭಾಗವನ್ನೂ ಹೆಸರಿಸಿ, ಬಾಗಿಲಿನ ಚಕ್ರದ ಹಿಡಿಯನ್ನು ಅವರ ವಶಕ್ಕೆ ಕೊಟ್ಟೆವು. ನದಿಯ ಮಟ್ಟ ಎಷ್ಟಾದಾಗ ಇಳಿಸಬೇಕೆಂಬುದನ್ನು ಕಾಲುವೆಯ ಗೋಡೆಗೆ ಬಣ್ಣದಲ್ಲಿ ಬರೆಸಿದೆವು, ಏಕೆಂದರೆ ಕೈಪಿಡಿ ಕಪಾಟಿಗೆ ಹೋಗುತ್ತದೆ, ಗೋಡೆ ಅಲ್ಲೇ ಇರುತ್ತದೆ.

ಇದರಿಂದ ಲೋಕೋಜಾದ ನೆರೆ ನಿಂತಿತೆಂದು ಯಾರೂ ತಿಳಿಯಬಾರದು. 2022ರಲ್ಲಿ ನದಿ ದಂಡೆಯನ್ನೇ ಮೀರಿ ಬಂದಿತು. ಗನಾಜಾ ರಸ್ತೆಯಲ್ಲಿ ದೋಣಿ ಓಡಿತು, ಅಬುಜಾ ಹೆದ್ದಾರಿಯಲ್ಲಿ ಪೆಟ್ರೋಲ್ ಟ್ಯಾಂಕರುಗಳು ಸಿಕ್ಕಿಬಿದ್ದು ಅಬುಜಾದ ಬಂಕುಗಳ ಮುಂದೆ ಸಾಲು ಬೆಳೆಯಿತು, ದೇಶದಲ್ಲಿ 600ಕ್ಕೂ ಹೆಚ್ಚು ಮಂದಿ ಸತ್ತರು. ಅಂಥ ವರ್ಷದಲ್ಲಿ ತೂಬಿನ ಬಾಗಿಲು ತೆರೆದಿದ್ದರೂ ಮುಚ್ಚಿದ್ದರೂ ಒಂದೇ. ಅದು ಉಪಯೋಗಕ್ಕೆ ಬರುವುದು ನದಿ ದಂಡೆಯೊಳಗೇ ಏರಿ ನಿಲ್ಲುವ ಸಾಧಾರಣ ವರ್ಷಗಳಲ್ಲಿ, ಪತ್ರಿಕೆಗಳಿಗೆ ಸುದ್ದಿಯಾಗದೆ ತಗ್ಗಿನ ಮನೆಗಳ ಅಂಗಳಕ್ಕೆ ಮಾತ್ರ ನೀರು ಬರುವ ಸೆಪ್ಟೆಂಬರ್‌ಗಳಲ್ಲಿ.

ಈಗ ನಾನು ಬೇರೆಡೆ ಇಂಥದೇ ಕಾಮಗಾರಿಗಳ ವಿನ್ಯಾಸ ಪರಿಶೀಲಿಸುತ್ತೇನೆ. ಕಡತ ಬಂದಾಗ ನಕ್ಷೆಗೆ ಮೊದಲು ಒಂದು ಪುಟ ಕೇಳುತ್ತೇನೆ: ಕಸ ತೆಗೆಯುವ ಹುದ್ದೆ ಯಾವ ಕಚೇರಿಯದು, ಅದರ ಸಂಬಳ ಯಾವ ಲೆಕ್ಕಶೀರ್ಷಿಕೆಯಿಂದ ಬರುತ್ತದೆ, ಆ ಕಚೇರಿಯಲ್ಲಿರುವ ಸಲಕರಣೆ ಯಾವುದು. ಸಲಕರಣೆಯ ಸಾಲು ಖಾಲಿ ಬಂದರೆ ಕಡತವನ್ನು ಹಿಂದಕ್ಕೆ ಕಳಿಸುತ್ತೇನೆ. ಸಲಿಕೆ ಎಂದು ಬರೆದಿದ್ದರೆ, ಸಲಿಕೆಗೆ ಒಗ್ಗುವ ವಿನ್ಯಾಸ ಮಾಡಿ ಎಂದು ಬರೆದು ಕಳಿಸುತ್ತೇನೆ.