ಇಬ್ಬರೂ ದುಡೀತೀರಿ, ದುಡ್ಡೆಲ್ಲ ಏನ್ ಮಾಡ್ತೀರಿ?

ಈ ಪ್ರಶ್ನೆಗೆ ಇನ್ನು ಮೇಲೆ ಬಾಯಲ್ಲಿ ಉತ್ತರ ಹೇಳುವುದಿಲ್ಲ. ಇಲ್ಲಿ ಬರೆದಿಡುತ್ತೇನೆ. ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಪ್ರಶ್ನೆ ಪೂರ್ತಿ ಹೀಗಿರುತ್ತದೆ: "ಇಬ್ಬರೂ ದುಡೀತೀರಿ, ಇನ್ನೂ ಬಾಡಿಗೆ ಮನೇಲೇ ಇದ್ದೀರಲ್ಲ, ದುಡ್ಡೆಲ್ಲ ಏನ್ ಮಾಡ್ತೀರಿ?" ಮದುವೆಯಲ್ಲಿ ಕೇಳುತ್ತಾರೆ, ತಿಥಿಯಲ್ಲೂ ಕೇಳುತ್ತಾರೆ. ಮೊದಮೊದಲು ನಕ್ಕು ಸುಮ್ಮನಾಗುತ್ತಿದ್ದೆ. ಆಮೇಲೆ "ನೋಡ್ಬೇಕು" ಅನ್ನುತ್ತಿದ್ದೆ. ಈಗ ಎರಡೂ ಸಾಕಾಗಿದೆ.

ಕಳೆದ ಸಲ ಕೇಳಿದ್ದು ನಮ್ಮ ದೊಡ್ಡಮ್ಮ. ಅವರ ಮಗ ಮಾದಾವರದ ಆಚೆ ಫ್ಲ್ಯಾಟ್ ತಗೊಂಡ. ಗೃಹಪ್ರವೇಶದ ಊಟಕ್ಕೆ ಕೂತಿದ್ದೆವು. ಎಲೆಗೆ ಒಬ್ಬಟ್ಟು ಬಿದ್ದಿತ್ತು, ತುಪ್ಪ ಹಿಡಿದವನು ಇನ್ನೂ ಎರಡು ಎಲೆ ಆಚೆ ಇದ್ದ. ದೊಡ್ಡಮ್ಮ ನನ್ನ ಹಿಂದೆ ಬಂದು ನಿಂತು, ಹೆಗಲ ಮೇಲೆ ಕೈಯಿಟ್ಟು, ಸಾಲಿಗೆಲ್ಲ ಕೇಳಿಸುವ ಹಾಗೆ ಅಂದರು: "ಅಲ್ಲ ಕಣವ್ವಾ, ಇವನೊಬ್ಬನೇ ದುಡಿದು ಮನೆ ಮಾಡ್ದ. ನೀವಿಬ್ರೂ ದುಡೀತೀರಿ. ದುಡ್ಡೆಲ್ಲ ಏನ್ ಮಾಡ್ತೀರಿ?" ನನ್ನ ಗಂಡ ಎಲೆ ನೋಡುತ್ತಾ ಕೂತರು. ಮಗಳು ನನ್ನ ಮುಖ ನೋಡಿದಳು. ಹನ್ನೆರಡು ವರ್ಷದ ಹುಡುಗಿ, ಅವಳಿಗೆ ಎಲ್ಲ ಗೊತ್ತಾಗುತ್ತದೆ.

ದೊಡ್ಡಮ್ಮನ ಮೇಲೆ ನನಗೆ ಪ್ರೀತಿ ಇದೆ. ಹೈಸ್ಕೂಲಿಗೆ ಹೋಗುವಾಗ ಮೂರು ವರ್ಷ ಅವರ ಮನೆಯಲ್ಲೇ ಇದ್ದವಳು ನಾನು. ನನಗೆ ಚುಚ್ಚುವುದು ಆ 'ಇಬ್ರೂ' ಅನ್ನುವ ಮಾತು. ಗಂಡನ ಸಂಬಳದಲ್ಲಿ ಮನೆ ನಡೆಯುತ್ತದೆ, ಹೆಂಡತಿಯದ್ದು ಪೂರ್ತಿ ಉಳಿಯುತ್ತದೆ ಅಂತ ಜನ ಲೆಕ್ಕ ಹಾಕಿಬಿಟ್ಟಿರುತ್ತಾರೆ. ಬೆಂಗಳೂರಿನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ನನ್ನ ಸಂಬಳವೂ ಅಕ್ಕಿ ಬೇಳೆಗೇ ಹೋಗುತ್ತದೆ.

ಕೇಳಿದಿರಲ್ಲ, ಈಗ ಲೆಕ್ಕ ಕೇಳಿ. ನಾನು ಒಬ್ಬ ಆಡಿಟರ್ ಆಫೀಸಿನಲ್ಲಿ ಅಕೌಂಟ್ಸ್ ನೋಡುತ್ತೇನೆ. ನನ್ನ ಗಂಡ ಪೀಣ್ಯದ ಒಂದು ಮೆಷಿನ್ ಶಾಪ್‌ನಲ್ಲಿ ಕೆಲಸಕ್ಕಿದ್ದಾರೆ. ಇಬ್ಬರಿಂದ ತಿಂಗಳಿಗೆ 71,000 ಬರುತ್ತದೆ. ಲಗ್ಗೆರೆಯ ಮನೆ ಬಾಡಿಗೆ 15,000. ಸ್ಕೂಲ್ ಫೀಸು, ವ್ಯಾನು ಸೇರಿ 7,700. ದಿನಸಿ, ಹಾಲು, ತರಕಾರಿಗೆ ಹದಿಮೂರೂವರೆ ಸಾವಿರ. ಅತ್ತೆಯ ಶುಗರ್, ಬಿಪಿ ಮಾತ್ರೆ ಮತ್ತು ಟೆಸ್ಟಿಗೆ 4,000. ಪೆಟ್ರೋಲ್, ಫೋನು, ಇನ್ಶೂರೆನ್ಸ್ ಕೂಡಿದರೆ 47,000 ದಾಟುತ್ತದೆ. ಉಳಿದದ್ದರಲ್ಲಿ ಚೀಟಿ, ಮಗಳ ಸುಕನ್ಯಾ ಖಾತೆ, ಹಬ್ಬ, ಬಟ್ಟೆ, ಊರಿಗೆ ಹೋಗಿಬರುವ ಖರ್ಚು. ಆಮೇಲೆ ಮುಯ್ಯಿ. ದೊಡ್ಡಮ್ಮನ ಮಗನ ಗೃಹಪ್ರವೇಶಕ್ಕೆ 5,000 ಮುಯ್ಯಿ ಮಾಡಿದೆವು. ಅದೂ ದುಡ್ಡೇ ಅಲ್ವಾ?

ಒಂದೊಂದೇ ನೋಡಿದರೆ ಯಾವುದೂ ದೊಡ್ಡದಲ್ಲ. ನಂದಿನಿ ನೀಲಿ ಪ್ಯಾಕೆಟ್ 2023ರ ಜುಲೈನಲ್ಲಿ ಲೀಟರಿಗೆ 39 ರೂಪಾಯಿ ಇತ್ತು. 2025ರ ಏಪ್ರಿಲ್‌ಗೆ 46 ಆಯಿತು. ದಿನಕ್ಕೆ ಒಂದು ಲೀಟರ್ ಅಂದರೆ ತಿಂಗಳಿಗೆ 210 ರೂಪಾಯಿ ಜಾಸ್ತಿ. ಇಷ್ಟಕ್ಕೆ ಯಾರೂ ಅಳುವುದಿಲ್ಲ. ಆದರೆ ಬೇಳೆ, ಎಣ್ಣೆ, ಸ್ಕೂಲು, ಬಾಡಿಗೆ ಎಲ್ಲವೂ ಹೀಗೆ ಸ್ವಲ್ಪ ಸ್ವಲ್ಪವೇ ಏರುತ್ತವೆ. ಸಂಬಳ ವರ್ಷಕ್ಕೊಮ್ಮೆ ಏರುತ್ತದೆ, ಏರಿದರೆ.

ತೆಂಗಿನಕಾಯಿ ವಿಷಯ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ನಾನು ತಿಪಟೂರು ಕಡೆಯವಳು. ಕಾಯಿಯನ್ನು ದುಡ್ಡು ಕೊಟ್ಟು ತರುವುದು ನಮಗೆ ಗೊತ್ತೇ ಇರಲಿಲ್ಲ. ಊರಿಂದ ವಾಪಸ್ ಬರುವಾಗ ಬಸ್ಸಿನ ಮೇಲೆ ಒಂದು ಚೀಲ ಕಾಯಿ ಇರಲೇಬೇಕು. 2025ರಲ್ಲಿ ನಮ್ಮ ಬೀದಿಯ ಅಂಗಡಿಯಲ್ಲಿ ಒಂದು ಕಾಯಿಗೆ 60 ರೂಪಾಯಿ ಕೊಟ್ಟೆ. ಕೊಟ್ಟು, ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಮನೆಗೆ ತಂದು, ಒಂದು ಹೋಳು ತುರಿದು ಇನ್ನೊಂದು ಹೋಳು ಫ್ರಿಜ್‌ನಲ್ಲಿಟ್ಟೆ. ಫ್ರಿಜ್ ಬಾಗಿಲು ಹಾಕುವಾಗ ಕಣ್ಣು ತುಂಬಿತು. "ಬೆಲೆ ಬಂತಲ್ಲ, ನಿಮ್ಮ ತವರಿಗೆ ಒಳ್ಳೇದಾಯ್ತು" ಅಂದರು ಪಕ್ಕದ ಮನೆಯವರು. ಎಲ್ಲಿಯ ಒಳ್ಳೇದು? ಅಪ್ಪನ ತೋಟಕ್ಕೆ ಬಿಳಿನೊಣ ಬಂದು, ಕಾಂಡದಲ್ಲಿ ರಸ ಸೋರಿ, ಗೊನೆಗಳೇ ಇರಲಿಲ್ಲ. 2023ರಲ್ಲಿ ಕಾಯಿ ಇತ್ತು, ಬೆಲೆ ಇರಲಿಲ್ಲ. ಆ ವರ್ಷ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆಯೇ ಕ್ವಿಂಟಲ್‌ಗೆ 11,750 ಇತ್ತು, ಮಾರ್ಕೆಟ್ ಅದಕ್ಕಿಂತ ಎಷ್ಟೋ ಕೆಳಗಿತ್ತು. ಮನೆ ತಗೊಳ್ಳಲು ತವರಿಂದ ಸಹಾಯ ಬರಬಹುದಿತ್ತಲ್ಲ ಅನ್ನುವವರಿಗೂ ಇದೇ ಉತ್ತರ. ದೊಡ್ಡಮ್ಮನಿಗೆ ರಸ್ತೆ ಪಕ್ಕದ ಜಾಗ ಇತ್ತು, ಮಾರಿ ಮಗನಿಗೆ ಕೊಟ್ಟರು. ಒಳ್ಳೆಯದೇ ಮಾಡಿದರು. ನಮಗೆ ಅಂಥ ಜಾಗ ಇಲ್ಲ.

ಇನ್ನೊಂದು ಮಾತು ಇದೆ: "ಬಾಡಿಗೆ ಕಟ್ಟೋದು ದಂಡ. ಅದೇ ದುಡ್ಡಲ್ಲಿ ಇಎಂಐ ಕಟ್ಟಬಹುದು." ಅದೇ ದುಡ್ಡಲ್ಲ ಸ್ವಾಮಿ. 40 ಲಕ್ಷ ಸಾಲ, ಎಂಟೂವರೆ ಪರ್ಸೆಂಟ್ ಬಡ್ಡಿ, 20 ವರ್ಷ ಅಂದರೆ ತಿಂಗಳ ಕಂತು (ಇಎಂಐ) 34,700 ಆಗುತ್ತದೆ. ಮೊದಲ ತಿಂಗಳು ಅದರಲ್ಲಿ 28,300 ಬರೀ ಬಡ್ಡಿಗೆ ಹೋಗುತ್ತದೆ. 20 ವರ್ಷಕ್ಕೆ ಒಟ್ಟು ಕಟ್ಟುವುದು 83 ಲಕ್ಷ. ಮನೆ 50 ಲಕ್ಷದ್ದಾದರೆ ಕೈಯಿಂದ 10 ಲಕ್ಷ ಹಾಕಬೇಕು. ಸ್ಟ್ಯಾಂಪ್ ಡ್ಯೂಟಿ 5 ಪರ್ಸೆಂಟ್. ರಿಜಿಸ್ಟ್ರೇಷನ್ ಫೀ 2025ರ ಆಗಸ್ಟ್ 31ರಿಂದ ಒಂದಿದ್ದದ್ದು 2 ಪರ್ಸೆಂಟ್ ಆಗಿದೆ. ಅಲ್ಲಿಗೆ ಮೂರೂವರೆ ಲಕ್ಷ, ಸೆಸ್ ಬೇರೆ. ಬಾಡಿಗೆ ಉಳಿಯುತ್ತದೆ, ನಿಜ. ಉಳಿದರೂ ನಮ್ಮ ಕೈಯಲ್ಲಿ ತಿಂಗಳಿಗೆ ನಾಲ್ಕು ಸಾವಿರ ಮಿಗುವುದಿಲ್ಲ. ಅದರಲ್ಲಿ ಫ್ಲ್ಯಾಟಿನ ಮೇಂಟೆನೆನ್ಸ್ ಕಟ್ಟಬೇಕು. ಅತ್ತೆಗೆ ಒಂದು ರಾತ್ರಿ ಉಸಿರಾಟ ಕಷ್ಟವಾದರೆ ಆಸ್ಪತ್ರೆಯಲ್ಲಿ ಏನು ಕಟ್ಟಲಿ?

ನನಗೆ ಸ್ವಂತ ಮನೆ ಬೇಡ ಅಂತಲ್ಲ. ತುಂಬಾ ಬೇಕು. ಗೋಡೆಗೆ ಮೊಳೆ ಹೊಡೆಯುವ ಮುಂಚೆ ಓನರ್‌ನ ಕೇಳುವುದು ಯಾರಿಗೂ ಇಷ್ಟವಿಲ್ಲ. ಆದರೆ ನಾನು 2020ನ್ನು ಮರೆತಿಲ್ಲ.

ಆ ವರ್ಷ ಮಾರ್ಚ್ 25ಕ್ಕೆ ಲಾಕ್‌ಡೌನ್ ಆಯಿತು. ಮೆಷಿನ್ ಶಾಪ್ ಮುಚ್ಚಿತು. ಏಪ್ರಿಲ್‌ನಲ್ಲಿ ನನ್ನ ಗಂಡನಿಗೆ ಸಂಬಳ ಬರಲಿಲ್ಲ, ನನಗೆ ಅರ್ಧ ಬಂತು. ಆಗಲೂ ನಾನು ಜಮಾ-ಖರ್ಚು ಬರೆಯುತ್ತಿದ್ದೆ. ಆ ತಿಂಗಳ ಪುಟ ಇನ್ನೂ ಇದೆ. ಜಮಾ ಕಡೆ ಒಂದೇ ಸಾಲು. ಬ್ಯಾಂಕಿನಲ್ಲಿ 23,400 ಇತ್ತು. ನನ್ನ ಎರಡೆಳೆ ಸರ ಗಿರವಿಗೆ ಹೋಯಿತು, ಬಿಡಿಸಿಕೊಂಡಿದ್ದು 2022ರಲ್ಲಿ. ಬಾಡಿಗೆ ಕೊಡುವ ದಿನ ಅರ್ಧ ದುಡ್ಡು ಹಿಡಿದು ಕೆಳಗೆ ಇಳಿದೆ. ಓನರ್ ಅಮ್ಮ ತುಳಸಿ ಕಟ್ಟೆ ಹತ್ತಿರ ಸೆರಗು ಬಾಯಿಗೆ ಮುಚ್ಚಿಕೊಂಡು ನಿಂತಿದ್ದರು. ನಾನು ಬಾಯಿ ತೆರೆಯುವ ಮುಂಚೆಯೇ, "ಈ ತಿಂಗಳು ಬೇಡಮ್ಮ, ಮಗುಗೆ ಹಾಲು ತಗೋ. ಅಡ್ವಾನ್ಸಲ್ಲಿ ಮುರ್ಕೊಳ್ಳೋಣ" ಅಂದರು. ನಾಲ್ಕು ತಿಂಗಳು ಹಾಗೇ ಮುರಿದುಕೊಂಡರು. ನೀವು ದಂಡ ಅನ್ನುವ ಬಾಡಿಗೆ ಮನೆ ಆ ವರ್ಷ ನಮ್ಮನ್ನು ಕಾಪಾಡಿತು. ಮೇಲಿನ ಬೀದಿಯಲ್ಲಿ ನಮ್ಮ ಪರಿಚಯದವರು ಆಗಷ್ಟೇ ಮನೆ ಸಾಲ ತಗೊಂಡಿದ್ದರು. ರಿಸರ್ವ್ ಬ್ಯಾಂಕ್ ಆಗಸ್ಟ್‌ವರೆಗೆ ಕಂತು ಮುಂದೂಡಲು ಬಿಟ್ಟಿತ್ತು. ಆದರೆ ಕಂತು ನಿಂತರೂ ಬಡ್ಡಿ ನಿಲ್ಲಲಿಲ್ಲ. ಅವರು ರಾತ್ರಿ ತಾರಸಿ ಮೇಲೆ ಅಡ್ಡಾಡುವುದು ನಮ್ಮ ಕಿಟಕಿಗೆ ಕಾಣುತ್ತಿತ್ತು.

ಅದಕ್ಕೇ ಯಾರಾದರೂ ಬೇರೆ ಪ್ರಶ್ನೆ ಕೇಳಲಿ ಅಂತ ನನಗೆ ಆಸೆ. "ನಾಳೆ ಇಬ್ಬರ ಸಂಬಳವೂ ನಿಂತರೆ ನಿಮ್ಮ ಮನೆ ಎಷ್ಟು ತಿಂಗಳು ನಡೆಯುತ್ತೆ?" ಅಂತ ಕೇಳಿ. ನನ್ನ ಹತ್ತಿರ ಉತ್ತರ ಇದೆ. ಏಳು ತಿಂಗಳು. 2020ರಲ್ಲಿ ಒಂದು ತಿಂಗಳೂ ಇರಲಿಲ್ಲ. ಅಂಥ ದಿನಕ್ಕೇ ಅಂತ ಬೇರೆ ಇಟ್ಟ ಖಾತೆಯಲ್ಲಿ ಈಗ 3,30,000 ಇದೆ, ಯಾವುದಕ್ಕೂ ಮುಟ್ಟುವುದಿಲ್ಲ. ಅದರಲ್ಲಿ ಬಸ್ಸಿನ ದುಡ್ಡೂ ಇದೆ. ಮೊದಲು ಬಿಎಂಟಿಸಿ ಪಾಸಿಗೆ ತಿಂಗಳಿಗೆ 1,050 ಕೊಡುತ್ತಿದ್ದೆ. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ ಫ್ರೀ ಆಯಿತು. ಆ ತಿಂಗಳೇ ಬ್ಯಾಂಕಿನಲ್ಲಿ ತಿಂಗಳಿಗೆ ಸಾವಿರ ಕಟ್ಟುವ ಆರ್‌ಡಿ ಶುರು ಮಾಡಿದೆ, ಒಂದು ಕಂತೂ ತಪ್ಪಿಸಿಲ್ಲ. ದುಡ್ಡೆಲ್ಲ ಏನ್ ಮಾಡ್ತೀರಿ ಅಂದಿರಲ್ಲ, ಇದನ್ನು ಮಾಡಿದ್ದೇವೆ. ಇದಕ್ಕೆ ಗೃಹಪ್ರವೇಶ ಇಲ್ಲ, ಊಟ ಹಾಕಿಸುವ ಹಾಗಿಲ್ಲ. ಆದರೆ ನನಗೆ ರಾತ್ರಿ ನಿದ್ದೆ ಬರುತ್ತದೆ.

ಹೋದ ವಾರ ದೊಡ್ಡಮ್ಮನ ಮಗ ಫೋನ್ ಮಾಡಿದ. ರಾತ್ರಿ ಹತ್ತೂವರೆ. ಆಫೀಸಿನಲ್ಲಿ ಒಂದೂವರೆ ಲಕ್ಷ ಬೋನಸ್ ಬಂದಿದೆಯಂತೆ. "ಅಕ್ಕ, ಸಾಲಕ್ಕೆ ಕಟ್ಟಿಬಿಡ್ತೀನಿ. ಇಎಂಐ ಕಡಿಮೆ ಮಾಡಿಸ್ಲಾ, ವರ್ಷ ಕಡಿಮೆ ಮಾಡಿಸ್ಲಾ?" ಅಂತ ಕೇಳಿದ. ವರ್ಷ ಇಳಿಸಿದರೆ ಬಡ್ಡಿ ಜಾಸ್ತಿ ಉಳಿಯುತ್ತದೆ, ಆಫೀಸಿಗೆ ಬರುವವರಿಗೆ ಅದನ್ನೇ ಹೇಳುತ್ತೇನೆ. ಅವನಿಗೂ ಅದನ್ನೇ ಹೇಳಿದೆ. ಆಮೇಲೆ ಸುಮ್ನೆ ಇರಲಾಗದೆ, "ಕೆಲಸಕ್ಕೆ ಏನಾದ್ರೂ ಆದ್ರೆ ಎಷ್ಟು ತಿಂಗಳಿಗೆ ಆಗುತ್ತೋ?" ಅಂತ ಕೇಳಿದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಒಂದೂ ಇಲ್ಲಕ್ಕ."

ಹಾಗಾದರೆ ಸಾಲಕ್ಕೆ ಈಗ ಕಟ್ಟಬೇಡ, ಎಫ್‌ಡಿ ಮಾಡು, ಮೂರು ಇಎಂಐ ಆದರೂ ಕೈಯಲ್ಲಿರಲಿ ಅಂದೆ. ಹೂಂ ಅಂದ. ಇದನ್ನು ಬರೆಯಲಾ ಅಂತ ಆಮೇಲೆ ಕೇಳಿದೆ, ಹೆಸರು ಹಾಕಬೇಡ ಅಂದ. ಆದರೆ ಆ ರಾತ್ರಿ ಫೋನ್ ಇಡುವ ಮುಂಚೆ ಅವನು ಹೇಳಿದ್ದು ಒಂದೇ ಮಾತು.

"ಅಮ್ಮಂಗೆ ಹೇಳ್ಬೇಡಕ್ಕ. ಅವಳಿಗೆ ನಿದ್ದೆ ಬರಲ್ಲ."