"ಇದು ವಯಸ್ಸಿನ ದೋಷ ಅಷ್ಟೇ ಅಲ್ಲವೇ?" ಎಂದು ಕೇಳುವವರಿಗೆ

ನಾನು ಹದಿಹರೆಯದವರ ಆಪ್ತಸಮಾಲೋಚಕಿ ಎಂದು ತಿಳಿದ ಕೂಡಲೇ ಹೆತ್ತವರು ಕೇಳುವ ಪ್ರಶ್ನೆ ಒಂದೇ: "ಮಾತಿಗೆ ಮುಂಚೆ ಸಿಡುಕುತ್ತಾರೆ, ಬಾಗಿಲು ಹಾಕಿಕೊಂಡು ಕೂರುತ್ತಾರೆ, ಇದು ವಯಸ್ಸಿನ ದೋಷ ಅಷ್ಟೇ ಅಲ್ಲವೇ?" ಕೇಳುವವರಿಗೆ ಬೇಕಾಗಿರುವುದು ಹೌದು ಎಂಬ ಸಮಾಧಾನ. ಮಗುವಿನೊಡನೆ ಒಂದು ಮಾತನ್ನೂ ಆಡದೆ ಆ ಸಮಾಧಾನವನ್ನು ನಾನು ಕೊಡಲಾರೆ.

ವಯಸ್ಸಿಗೆ ಸಹಜವಾದದ್ದು ಇಲ್ಲವೆಂದಲ್ಲ. ನಿದ್ದೆಯ ಹೊತ್ತನ್ನು ದೇಹಕ್ಕೆ ತಿಳಿಸುವ ಮೆಲಟೋನಿನ್ ಎಂಬ ಹಾರ್ಮೋನು ಈ ವಯಸ್ಸಿನಲ್ಲಿ ರಾತ್ರಿ ತಡವಾಗಿ ಸ್ರವಿಸತೊಡಗುತ್ತದೆ; ಹಾಗಾಗಿ ಬೇಗ ಮಲಗೆಂದು ಗದರಿಸಿದರೂ ಅವರಿಗೆ ನಿದ್ದೆ ಹತ್ತುವುದಿಲ್ಲ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು, ಆದರೆ ಬೆಳಗಿನ ತರಗತಿ ಅವರಿಗಾಗಿ ಕಾಯುವುದಿಲ್ಲ. ಬೆಳಿಗ್ಗೆ ಏಳಲಾಗದೆ ಒದ್ದಾಡುವುದನ್ನು ಸೋಮಾರಿತನವೆಂದು ಕರೆಯುವುದು ಅನ್ಯಾಯ.

ಆದರೆ ಹದಿಹರೆಯದ ಖಿನ್ನತೆ ಅಳುವಾಗಿಯೇ ಕಾಣಬೇಕೆಂದಿಲ್ಲ, ಎಷ್ಟೋ ಸಲ ಸಿಡುಕಾಗಿಯೇ ಕಾಣುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 10ರಿಂದ 19 ವರ್ಷದ 7 ಮಂದಿಯಲ್ಲಿ ಒಬ್ಬರಿಗೆ ಯಾವುದಾದರೊಂದು ಮಾನಸಿಕ ಸಮಸ್ಯೆಯಿದೆ. ಅವರೆಲ್ಲರ ನೋವಿಗೆ ವಯಸ್ಸಿನ ದೋಷವೆಂಬ ಹೆಸರಿಟ್ಟರೆ ಚಿಕಿತ್ಸೆ ಸಿಗುವುದು ಯಾವಾಗ?

ಒಬ್ಬ ತಂದೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳು ಅಲ್ಲಿ ಇಲ್ಲವೇ ಇಲ್ಲವೆಂಬಂತೆ, ಇದೇ ಪ್ರಶ್ನೆ ಕೇಳಿದ್ದರು. "ಯಾವುದಕ್ಕೂ ಕೊರತೆ ಮಾಡಿಲ್ಲ ಮೇಡಂ, ಇವಳಿಗೆ ಇನ್ನೇನು ಚಿಂತೆ?" ಎಂದು ಬೇರೆ ಸೇರಿಸಿದರು. ನಾನು ಅವಳ ಕಡೆ ತಿರುಗಿ, ಮೊದಲು ಇಷ್ಟಪಟ್ಟು ಮಾಡುತ್ತಿದ್ದ ಏನನ್ನಾದರೂ ಈಗ ಬಿಟ್ಟಿದ್ದೀಯಾ ಎಂದು ವಿಚಾರಿಸಿದೆ. ಚಿತ್ರ ಬಿಡಿಸುವುದನ್ನು ಬಿಟ್ಟು ತಿಂಗಳುಗಳಾದವು ಎಂದಳು. ತಂದೆಗೆ ಅದು ಗೊತ್ತಿತ್ತು. ಪರೀಕ್ಷೆ ಹತ್ತಿರ ಬಂದದ್ದರಿಂದ ಒಳ್ಳೆಯದೇ ಆಯಿತೆಂದುಕೊಂಡಿದ್ದರಂತೆ. ಆ ಮಾತು ಇಂದಿಗೂ ನನ್ನನ್ನು ಕೆರಳಿಸುತ್ತದೆ. ಇಷ್ಟದ ಕೆಲಸದಲ್ಲಿ ಆಸಕ್ತಿ ಬತ್ತುವುದು ಖಿನ್ನತೆಯ ಮುಖ್ಯ ಲಕ್ಷಣಗಳಲ್ಲಿ ಒಂದು. ಅದರ ಜೊತೆಗೆ ನಿದ್ದೆ, ಹಸಿವು, ಗೆಳೆತನ, ಓದು ಇವೂ ಏರುಪೇರಾಗಿ ಎರಡು ವಾರ ಕಳೆದರೆ, ಇನ್ನೂ ಕಾದು ನೋಡುವುದರಲ್ಲಿ ಅರ್ಥವಿಲ್ಲ.

"ನಾನು ಅವಳನ್ನು ಹೇಗೆ ಮಾತನಾಡಿಸಲಿ?" ಎಂದು ಯಾರಾದರೂ ಕೇಳಬಾರದೇ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಅದಕ್ಕಾದರೆ ಎಷ್ಟು ಹೊತ್ತು ಬೇಕಾದರೂ ಉತ್ತರ ಹೇಳುತ್ತೇನೆ. ಅಂಕಪಟ್ಟಿಯ ವಿಚಾರ ಎತ್ತದೆ, ನೆಂಟರ ಮಕ್ಕಳ ಹೋಲಿಕೆ ತರದೆ, ನಿಮ್ಮ ಕಣ್ಣಿಗೆ ಬಿದ್ದದ್ದನ್ನಷ್ಟೇ ಹೇಳಿ: "ಈಚೆಗೆ ನೀನು ಊಟ ಸರಿಯಾಗಿ ಮಾಡುತ್ತಿಲ್ಲ, ಗೆಳತಿಯರ ಜೊತೆಗೂ ಹೋಗುತ್ತಿಲ್ಲ, ಏನಾಗಿದೆ?" ಅವಳು ಬಾಯಿಬಿಟ್ಟಾಗ ಬುದ್ಧಿವಾದಕ್ಕೆ ಇಳಿಯಬೇಡಿ, ಮಾತು ಮುಗಿಯುವವರೆಗೆ ಕೇಳಿಸಿಕೊಳ್ಳಿ. ಬದುಕು ಬೇಡವೆನ್ನಿಸಿದೆಯೇ, ಸಾಯುವ ಯೋಚನೆ ಬಂದಿದೆಯೇ ಎಂಬುದನ್ನೂ ನೇರವಾಗಿಯೇ ಕೇಳಿ. ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಮೂಡುವುದಿಲ್ಲ. ಒಳಗೇ ನುಂಗಿಕೊಂಡಿದ್ದವರಿಗೆ ಹೇಳಿಕೊಳ್ಳಲು ದಾರಿಯಾಗುತ್ತದೆ. ಹೌದು ಎಂದರೆ ಗಾಬರಿಯಿಂದ ಬೈಯಬೇಡಿ, ಒಬ್ಬಳನ್ನೇ ಬಿಡಬೇಡಿ; ಮಾತ್ರೆ, ಕೀಟನಾಶಕದಂಥವನ್ನು ಕೈಗೆ ಸಿಗದಂತೆ ಎತ್ತಿಟ್ಟು ಅಂದೇ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ.